ಕರೆಂಟು ಹೋದಾಗ ಬಾಯಲ್ಲಿದ್ದ ಮಾತು

“ಮಗ್ಗದ ಮನೆಯಿಂದ ವಿಮಾನದವರೆಗೆ!” ಎಂದು ಮುಖ್ಯ ಅತಿಥಿಗಳು ಕೈಯನ್ನು ಮೊಣಕಾಲಿನಿಂದ ತಲೆಯ ಮೇಲಕ್ಕೆ ಎತ್ತಿ ತೋರಿಸಿದರು. ನಾನು ಓದಿದ ದೊಡ್ಡಬಳ್ಳಾಪುರದ ಪದವಿ ಕಾಲೇಜಿನಲ್ಲಿ ಅಂದು ಹಳೆಯ ವಿದ್ಯಾರ್ಥಿಗಳ ಸಭೆ. ಆ ಕೈ ಏರುತ್ತಿದ್ದದ್ದು ನನ್ನ ಲೆಕ್ಕದಲ್ಲಿ. ನೇಕಾರರ ಮಗಳು, ಕಷ್ಟಪಟ್ಟು ಓದಿದಳು, ಕಾಲೇಜು ಕೈ ಹಿಡಿಯಿತು, ಈಗ ವಿಮಾನ ನಿಲ್ದಾಣದಲ್ಲಿ ಕೆಲಸ. ಸಭೆ ಚಪ್ಪಾಳೆ ತಟ್ಟಿತು. ಕಥೆ ಚೆನ್ನಾಗಿದ್ದುದರಿಂದ ನಾನೂ ತಟ್ಟಿದೆ. ಆದರೆ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ವಿಷಯದ ವಿರೋಧವಾಗಿಯೇ ಮಾತಾಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾರಾದರೂ ಹೊಗಳಿದರೂ ಪುರಾವೆ ಎಲ್ಲಿದೆ ಎಂದು ನಾಲಿಗೆ ತುರಿಸುತ್ತದೆ.

ಮೊದಲಿಗೆ, ನಾನು ಇವತ್ತಿನವರೆಗೂ ವಿಮಾನ ಹತ್ತಿಲ್ಲ. ದೇವನಹಳ್ಳಿಯ ನಿಲ್ದಾಣದ ಸರಕು ಗೋದಾಮಿನಲ್ಲಿ ನಿಂತು ಗುಲಾಬಿ ಹೂವಿನ ಪೆಟ್ಟಿಗೆಗಳನ್ನು ವಿಮಾನ ಹತ್ತಿಸುತ್ತೇನೆ. ನಮ್ಮೂರಿನ ಗುಲಾಬಿಗಳು ನನಗಿಂತ ಮುಂದುವರಿದಿವೆ. ಇನ್ನು ಕಷ್ಟಪಟ್ಟು ಓದಿದ ಮಾತು. ಓದಿದವಳು ನನ್ನ ಪಕ್ಕ ಕೂರುತ್ತಿದ್ದ ಗೆಳತಿ. ನಾನು ಅವಳ ಪಕ್ಕ ಕೂತೆ, ಅಷ್ಟೇ. ಕಾಲೇಜು ಕೈ ಹಿಡಿಯಿತೇ ಎಂಬ ಪ್ರಶ್ನೆ ಮಾತ್ರ ಅಷ್ಟು ಸಲೀಸಲ್ಲ. ಅದಕ್ಕೆ ನಮ್ಮ ಬೀದಿಯಿಂದ ಶುರು ಮಾಡಬೇಕು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿವೆ. ಅವು ಓಡುತ್ತಿದ್ದರೆ ಹಿಂದಿನ ಅಡುಗೆಮನೆಯಲ್ಲಿ ಲೋಟಗಳು ತಾವಾಗಿಯೇ ನಡೆದಾಡುತ್ತವೆ. ಬೀದಿಯ ಎಲ್ಲ ಮನೆಗಳದ್ದೂ ಇದೇ ಕಥೆ. ಆ ಸದ್ದಿನಲ್ಲಿ ಮಾತಾಡಲು ಇರುವುದು ಎರಡೇ ದಾರಿ. ಗಂಟಲು ಹರಿಯುವಂತೆ ಕೂಗಬೇಕು, ಇಲ್ಲವೇ ದನಿಯೇ ಇಲ್ಲದೆ ತುಟಿ ಆಡಿಸಬೇಕು, ಎದುರಿಗಿದ್ದವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಅಪ್ಪ ಒಂದು ಮಗ್ಗದ ಮುಂದೆ, ಅಮ್ಮ ಇನ್ನೊಂದರ ಮುಂದೆ. ನಡುವೆ ಲಾಳಿ ಎಷ್ಟೇ ಬಡಿದರೂ ಅವರ ಜಗಳದ ಒಂದೆಳೆಯೂ ಕಡಿಯುತ್ತಿರಲಿಲ್ಲ. ನಾನು ಅಕ್ಷರ ಓದುವ ಮೊದಲು ತುಟಿ ಓದಲು ಕಲಿತವಳು.

ಅಪಾಯ ಇರುವುದು ಕರೆಂಟು ಹೋದಾಗ. ಮಗ್ಗಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ, ಬಾಯಿಗಳು ನಿಲ್ಲುವುದಿಲ್ಲ. ಕೂಗುತ್ತಿದ್ದವರ ಬಾಯಲ್ಲಿದ್ದ ಅರ್ಧ ಮಾತು ಆ ಮೌನದೊಳಕ್ಕೆ ಬಟ್ಟೆಯಿಲ್ಲದೆ ಓಡಿಬರುತ್ತದೆ. ಎದುರುಮನೆಯ ಅಜ್ಜಿ “ನಮ್ ಸೊಸೆ ಮಾಡಿದ ಮುದ್ದೇಲಿ ಹೊಡೆದ್ರೆ ಗೋಡೆ ಬಿದ್ದೋಯ್ತದೆ” ಎಂದದ್ದು ಬೀದಿಗೆ ಬೀದಿಯೇ ಕೇಳಿಸಿಕೊಂಡದ್ದು ಹಾಗೆ. ನಮ್ಮಪ್ಪ ಅಮ್ಮನಿಗೆ “ಈ ಸೀರೇಲಿ ಚೆಂದ ಕಾಣ್ತೀಯ ಕಣೇ” ಎಂದದ್ದೂ ಹಾಗೇ. ಆ ವಾರವೆಲ್ಲ ಅಪ್ಪ ಬೀಡಿ ಅಂಗಡಿ ಕಡೆ ತಲೆಯೇ ಹಾಕಲಿಲ್ಲ. ಅಮ್ಮ ಮಾತ್ರ ದಿನಕ್ಕೆರಡು ಸಲ ಯಾವುದಾದರೂ ನೆಪ ಮಾಡಿಕೊಂಡು ಅಂಗಡಿಗೆ ಹೋಗಿಬಂದಳು, ಅದೇ ಸೀರೆ ಉಟ್ಟು.

ಇಂಥ ಬೀದಿಯಿಂದ ನಾನು ಕಾಲೇಜಿಗೆ ಹೋದೆ. ಮೊದಲ ವಾರವೇ ಕ್ಯಾಂಟೀನಿನಲ್ಲಿ ಗೆಳತಿಗೆ ಗುಟ್ಟಾಗಿ ಏನೋ ಹೇಳಿದೆ. ಅರ್ಥಶಾಸ್ತ್ರದ ಮೇಡಂ ಮಹಡಿಯ ಮೇಲಿನಿಂದ ಬಗ್ಗಿ ನೋಡಿದರು.

“ಯಾರಮ್ಮ ಅದು ಮೈಕ್ ಹಾಕ್ಕೊಂಡಿರೋದು?”

“ಮೈಕ್ ಇಲ್ಲ ಮೇಡಂ, ಇದು ಗುಟ್ಟು.”

“ನಿನ್ ಗುಟ್ಟು ಪ್ರಿನ್ಸಿಪಾಲರಿಗೆ ಕೇಳಿಸ್ತು. ಮಗ್ಗದ ಮನೆಯವಳಾ? ನಾಳೆಯಿಂದ ಡಿಬೇಟ್‌ಗೆ ಬಾ. ನಿನಗೆ ಮೈಕ್ ಬೇಡ, ಬ್ರೇಕ್ ಬೇಕು.”

ಬ್ರೇಕ್ ಹಾಕಿಸಿದವರು ಅವರೇ. ಪರವಾಗಿ ಮಾತಾಡಲು ಎಲ್ಲರೂ ಮುಗಿಬೀಳುತ್ತಿದ್ದುದರಿಂದ ವಿರೋಧ ಯಾವಾಗಲೂ ನನ್ನ ಪಾಲಿಗೆ. ಮೊಬೈಲ್ ಬೇಕು ಎಂದರೆ ಬೇಡ, ಹಳ್ಳಿ ಮೇಲು ಎಂದರೆ ಪಟ್ಟಣ ಮೇಲು. ಕೆಂಪು ಬಸ್ಸು ಹತ್ತಿ ನೆಲಮಂಗಲದಲ್ಲಿ ಸೋತೆವು, ಹೊಸಕೋಟೆಯಲ್ಲಿ ಗೆದ್ದೆವು. ಗೆದ್ದ ಖುಷಿಗೆ ಬಿರಿಯಾನಿ ತಿಂದದ್ದೋ ಬಿರಿಯಾನಿಯ ಆಸೆಗೆ ಗೆದ್ದದ್ದೋ, ಇಲ್ಲಿ ಎರಡೂ ಕಡೆ ವಾದ ಮಾಡಬಲ್ಲೆ. ಗೆದ್ದು ತಂದ ಕಪ್ಪನ್ನು ಮಗ್ಗದ ಪಕ್ಕದ ಗೂಡಿನಲ್ಲಿಟ್ಟರೆ ಅದು ಅದುರಿ ಅದುರಿ ಸಂಜೆಯ ಹೊತ್ತಿಗೆ ಅಂಚಿಗೆ ಬಂದು ನಿಲ್ಲುತ್ತಿತ್ತು. ಅಪ್ಪ ಲಾಳಿಯ ಮೇಲಿನ ಕಣ್ಣು ತೆಗೆಯದೆಯೇ ಒಂದು ಕೈಯಲ್ಲಿ ಅದನ್ನು ಒಳಕ್ಕೆ ತಳ್ಳಿ, “ನಿನ್ ಕಪ್ಪು ಮನೆ ಬಿಟ್ಟು ಓಡೋಗ್ತಿದೆ ನೋಡೇ” ಎನ್ನುತ್ತಿದ್ದರು.

ನಮ್ಮ ಎದುರಾಳಿ ತಂಡದ ನಿಜವಾದ ನಾಯಕಿ ಎಂದರೆ ಚಿಕ್ಕಮ್ಮ. ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಸಾಲನ್ನು ನೋಡಿಕೊಳ್ಳುವವಳು. ನಾನು ಪಿಯುಸಿ ಮುಗಿಸಿದ ದಿನದಿಂದ ಅವಳದ್ದು ಒಂದೇ ವಾದ.

“ಮಿಷನ್ ಮುಂದೆ ಕೂರೋಕೆ ಡಿಗ್ರಿ ಯಾಕೆ? ಸೂಜಿ ಏನು ನಿನ್ ಸರ್ಟಿಫಿಕೇಟ್ ಕೇಳ್ತದಾ?”

“ನಾನು ಮಿಷನ್ ಮುಂದೆ ಕೂರಲ್ಲ ಚಿಕ್ಕಮ್ಮ.”

“ಎಲ್ಲರೂ ಹಂಗೇ ಅಂತಾರೆ. ನಮ್ ಲೈನಲ್ಲಿ ಬಿ.ಕಾಂ ಆದವಳು ಕಾಲರ್ ಹಾಕ್ತಾಳೆ, ಬಿ.ಎ ಆದವಳು ಗುಂಡಿ. ನೀನು ಯಾವುದು ಹಾಕ್ತೀಯ ಹೇಳು.”

ಅವಳ ಕಡೆ ಪುರಾವೆ ಇತ್ತು. ನನ್ನ ಕಡೆ ಬರೀ ದನಿ.

ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿಯುತ್ತಲೇ ಸರಕು ಕಂಪನಿಯೊಂದು ಕ್ಯಾಂಪಸ್ ಸಂದರ್ಶನಕ್ಕೆ ಬಂತು. ಆ ವಾರವೇ ಚಿಕ್ಕಮ್ಮನೂ ಬಂದಳು. “ಸೋಮವಾರದಿಂದ ಬಂದ್ಬಿಡಿ, ಲೈನಲ್ಲಿ ಎರಡು ಜಾಗ ಹಿಡಿದಿಟ್ಟಿದೀನಿ. ನಿನಗೊಂದು, ನಿನ್ ಫ್ರೆಂಡ್‌ಗೊಂದು.” ಶುಕ್ರವಾರ ಸಂದರ್ಶನ, ಸೋಮವಾರ ಹೊಲಿಗೆ. ನಮ್ಮಿಬ್ಬರ ಮೂರು ವರ್ಷದ ಓದಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ಆ ನಡುವೆ ತೀರ್ಮಾನವಾಗಬೇಕಿತ್ತು.

ಗೆಳತಿ ಘಾಟಿ ಸುಬ್ರಹ್ಮಣ್ಯದ ಕಡೆಯ ಹಳ್ಳಿಯವಳು. ರಾಗಿ ಹೊಲ, ಸೀಮೆಹಸುಗಳ ಮನೆ. ಬೆಳಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಆಮೇಲೆ ಮೊದಲ ಬಸ್ಸು ಹಿಡಿದು ಬರುತ್ತಿದ್ದಳು. ನಮ್ಮ ತರಗತಿಗೇ ಮೊದಲಿಗಳು. ಅವಳ ದನಿ ಮಾತ್ರ ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿರಲಿಲ್ಲ. ಜೋರಾಗಿ ಮಾತಾಡೇ ಎಂದರೆ, “ಹಸು ಮುಂದೆ ಕೂಗಿದ್ರೆ ಹಾಲು ಇಳಿಸಲ್ಲ ಕಣೇ, ಅಭ್ಯಾಸ ಆಗ್ಬಿಟ್ಟಿದೆ” ಎನ್ನುತ್ತಿದ್ದಳು. ಅದನ್ನೂ ನಾನು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದೆ.

ಆ ಶುಕ್ರವಾರವೇ ಕಾಲೇಜಿನ ಹೊಸ ಕೊಠಡಿಗಳಿಗೆ ತಾರಸಿ ಹಾಕುವ ದಿನವೂ ಆಗಿತ್ತು. ಕಂಪ್ಯೂಟರ್ ಲ್ಯಾಬಿನ ಕಿಟಕಿಯ ಪಕ್ಕದಲ್ಲೇ ಕಾಂಕ್ರೀಟ್ ಕಲಸುವ ಮಿಕ್ಸರ್ ಗಡಗಡ ತಿರುಗುತ್ತಿತ್ತು. ತಾರಸಿ ಅರ್ಧ ಹಾಕಿ ನಿಲ್ಲಿಸುವಂತಿಲ್ಲ, ಮಿಷನ್ ಆಫ್ ಮಾಡಲು ಆಗುವುದೇ ಇಲ್ಲ ಎಂದು ಮೇಸ್ತ್ರಿ ಬೆಳಗ್ಗೆಯೇ ಹೇಳಿಬಿಟ್ಟಿದ್ದನಂತೆ. ಸಂದರ್ಶನ ಆ ಗದ್ದಲದಲ್ಲೇ ಶುರುವಾಯಿತು. ಲ್ಯಾಬಿನ ಗಾಜಿನ ಬಾಗಿಲಿನ ಹಿಂದೆ ಕಂಪನಿಯ ಇಬ್ಬರು, ದಪ್ಪ ಕನ್ನಡಕದ ಒಬ್ಬ ಸರ್ ಮತ್ತು ಒಬ್ಬ ಮಹಿಳಾ ಅಧಿಕಾರಿ, ಕೂತಿದ್ದರು. ಹೊರಗೆ ಕಾರಿಡಾರಿನಲ್ಲಿ ನಾವು.

ನನಗಿಂತ ಮೊದಲು ಗೆಳತಿಯ ಸರದಿ. ಹೋದಷ್ಟೇ ಬೇಗ ಹೊರಗೆ ಬಂದಳು.

“ಏನ್ ಕೇಳಿದ್ರೇ?”

“ಗೊತ್ತಿಲ್ಲ ಕಣೇ. ನಾನು ಹೇಳಿದ್ದು ಅವರಿಗೆ ಕೇಳಿಸ್ಲಿಲ್ಲ, ಅವರು ಕೇಳಿದ್ದು ನನಗೆ ಕೇಳಿಸ್ಲಿಲ್ಲ. ಎಲ್ಲದಕ್ಕೂ ಯೆಸ್ ಸರ್ ಅಂದೆ.”

ನಾನು ಗಾಜಿನ ಕಡೆ ತಿರುಗಿದೆ. ಕನ್ನಡಕದ ಸರ್ ಪಕ್ಕದವರಿಗೆ ಏನೋ ಹೇಳುತ್ತಿದ್ದರು. ನನ್ನ ಕಣ್ಣಿಗೆ ಅದು ಪಕ್ಕದ ಮಗ್ಗದ ಮಾತಿನಷ್ಟೇ ಸಲೀಸು. ಓದುತ್ತಾ ಓದುತ್ತಾ ಗೆಳತಿಗೆ ಕೂಗಿ ಹೇಳತೊಡಗಿದೆ.

“ಮಾರ್ಕ್ಸ್ ಇದೆ, ದನಿ ಇಲ್ಲ ಅಂತಿದಾರೆ! ಗೋದಾಮಲ್ಲಿ ಈ ಹುಡುಗಿ ಮಾತು ಯಾರಿಗೂ ಕೇಳಿಸಲ್ಲ ಅಂತೆ! ಈಗ ಇನ್ನೊಂದು, ಈ ಕಡೆ ಹುಡುಗೀರು ಮೂರು ತಿಂಗಳು ನಿಲ್ಲಲ್ಲ, ಬಿಟ್ಟೋಗ್ತಾರೆ ಅಂತೆ! ನೋಡೇ, ಆ ಕನ್ನಡಕದಯ್ಯ ಬಾಯಿಗೆ ಬಂದಂಗೆ...”

ಮಿಕ್ಸರ್ ನಿಂತಿತು.

“...ರೀಲು ಬಿಡ್ತಾವ್ನೆ! ಪುರಾವೆ ಎಲ್ಲಿದೆ ಕೇಳು ಆವಯ್ಯನ್ನ!”

ಕರೆಂಟು ಹೋದ ನಮ್ಮ ಬೀದಿಯೇ ಕಾಲೇಜಿಗೆ ಬಂದು ನಿಂತ ಹಾಗಾಯಿತು. ತಾರಸಿಯ ಮೇಲಿದ್ದ ಕೆಲಸದವರು ಬಾಣಲಿ ಹೊತ್ತುಕೊಂಡೇ ಬಗ್ಗಿ ನೋಡಿದರು. ಗಾಜಿನೊಳಗಿಂದ ಕನ್ನಡಕ ನನ್ನ ಕಡೆ ತಿರುಗಿತು. ಗೆಳತಿ ದುಪಟ್ಟಾದೊಳಗೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಬಾಗಿಲು ತೆರೆದು ಆ ಅಧಿಕಾರಿ ಮುಂದಿನ ಹೆಸರು ಕರೆದರು. ಅದು ನನ್ನದೇ.

“ಆವಯ್ಯ ನಾನೇ,” ಎಂದರು ಸರ್. “ಒಳಗೆ ಮಾತಾಡಿದ್ದು ಹೊರಗೆ ಹೆಂಗೆ ಕೇಳಿಸ್ತು?”

“ಕೇಳಿಸ್ಲಿಲ್ಲ ಸರ್, ಕಾಣಿಸ್ತು.”

ಅವರು ನಂಬಲಿಲ್ಲ. ಎದ್ದು ಹೊರಗೆ ಹೋಗಿ ಗಾಜಿನ ಆಚೆ ನಿಂತು ದನಿಯಿಲ್ಲದೆ ತುಟಿ ಆಡಿಸಿದರು. ನಾನು ಜೋರಾಗಿ ಓದಿದೆ. “ನಂಗೆ ಹಸಿವಾಗ್ತಿದೆ, ಇಲ್ಲಿ ಊಟಕ್ಕೆ ಏನ್ ಮಾಡ್ಸಿದಾರೆ?” ಆ ಅಧಿಕಾರಿ ಮೇಜು ಬಡಿದು ನಕ್ಕರು. ಸರ್ ಇನ್ನೊಂದು ಹೇಳಿದರು, ಅದೂ ಸರಿ. ಮೂರನೆಯದನ್ನು ಅವರು ತೆಲುಗಿನಲ್ಲಿ ಹೇಳಿದರು. “ಅದು ಸಿಲಬಸ್‌ನಲ್ಲಿಲ್ಲ ಸರ್” ಎಂದೆ.

ಆಮೇಲೆ ಬಾಯಿಗೆ ಮೇಡಂ ಹಾಕಿಸಿದ ಬ್ರೇಕ್ ಕೆಲಸಕ್ಕೆ ಬಂತು. ದನಿ ಇಳಿಸಿ ಕೇಳಿದೆ. ಬಿಟ್ಟುಹೋದವರು ಮದುವೆಗಾಗಿ ಬಿಟ್ಟರೋ, ರಾತ್ರಿ ಪಾಳಿಗೆ ಬಸ್ಸಿಲ್ಲದೆ ಬಿಟ್ಟರೋ, ವಿಚಾರಿಸಿದ್ದೀರಾ? ದೇವನಹಳ್ಳಿಯಿಂದ ಇತ್ತ ಕಡೆಗೆ ಕಂಪನಿ ಗಾಡಿ ಇದೆಯಾ? ಸರ್ ಉತ್ತರಿಸುವ ಮೊದಲೇ ಆ ಅಧಿಕಾರಿ “ಗಾಡಿ ಇಲ್ಲ” ಎಂದು ನನ್ನ ತಂಡಕ್ಕೆ ಸೇರಿಬಿಟ್ಟರು. ಕೊನೆಗೆ ಇನ್ನೊಂದನ್ನೂ ಕೇಳಿದೆ. “ನನಗಿಂತ ಮೊದಲು ಬಂದವಳನ್ನ ಇನ್ನೊಂದ್ಸಲ ಕರೀರಿ ಸರ್. ಈಗ ಮಿಷನ್ ನಿಂತಿದೆ, ಅವಳ ಮಾತು ಕೇಳಿಸುತ್ತೆ.” ಅವರು ಗಡಿಯಾರ ನೋಡಿ, “ಮುಂದಿನ ಸಲ ಬಂದಾಗ ನೋಡೋಣ” ಎಂದರು.

ಕೆಲಸ ಸಿಕ್ಕಿತು. ನಾನು ಬಸ್‌ಸ್ಟಾಂಡಿನಿಂದ ಮನೆಯವರೆಗೂ ಓಡಿದೆ. ಬಾಗಿಲಲ್ಲೇ ನಿಂತು ದನಿಯಿಲ್ಲದೆ ತುಟಿ ಆಡಿಸಿದೆ, ಯಾಕೆಂದರೆ ಮೊದಲ ಸಲ ನಿಜವಾಗಿಯೂ ದನಿ ಬರಲಿಲ್ಲ. ಅಪ್ಪ ನನ್ನ ಬಾಯಿ ನೋಡಿದರು, ಕೈ ಚಾಚಿ ಓಡುತ್ತಿದ್ದ ಮಗ್ಗವನ್ನು ನಿಲ್ಲಿಸಿದರು. ಕರೆಂಟಿದ್ದಾಗ ಅವರು ಮಗ್ಗ ನಿಲ್ಲಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಏನ್ ಕೆಲಸ?”

“ಹೂವು ಕಳಿಸೋದು!”

“ಡಿಗ್ರಿ ಓದಿ ಹೂವು ಮಾರ್ತೀಯಾ?” ಎಂದಳು ಅಮ್ಮ. ಅವಳ ಮಗ್ಗ ಇನ್ನೂ ಓಡುತ್ತಿತ್ತು, ಆದ್ದರಿಂದ ಕೂಗಿ ಕೇಳಿದ್ದಳು. ಸರಿಯಾಗಿ ಆಗ ಕರೆಂಟು ಹೋಯಿತು. ನಾನು ಹೂವು ಮಾರಲು ಹೊರಟ ಸುದ್ದಿ ಬೀದಿಯಲ್ಲಿ ಇವತ್ತಿಗೂ ಜೀವಂತವಾಗಿದೆ.

ಸೋಮವಾರ ಚಿಕ್ಕಮ್ಮನ ಸಾಲಿಗೆ ಗೆಳತಿಯೊಬ್ಬಳೇ ಹೋದಳು. ಕಂಪನಿಯವರು ಮರುವರ್ಷ ಬಂದರು, ಆದರೆ ಆ ವರ್ಷ ಪಾಸಾಗುವವರನ್ನು ಮಾತ್ರ ಕರೆದರು. ಅವಳೀಗ ಬಾಶೆಟ್ಟಿಹಳ್ಳಿಯಲ್ಲಿ ಹೊಲಿದ ಅಂಗಿಗಳ ತಪ್ಪು ಹುಡುಕುತ್ತಾಳೆ. ಭಾನುವಾರ ಸಿಕ್ಕರೆ ನನ್ನ ಸಂದರ್ಶನವನ್ನು ಕನ್ನಡಕದ ಸರ್ ಸಮೇತ ನಟಿಸಿ ತೋರಿಸುತ್ತಾಳೆ. ಅವಳ ನಟನೆಯಲ್ಲಿ ನಾನು ನಾನಿರುವುದಕ್ಕಿಂತ ಚೆನ್ನಾಗಿದ್ದೇನೆ.

ಸಭೆಯಲ್ಲಿ ನನ್ನ ಸರದಿ ಬಂದಾಗ ಇದನ್ನೆಲ್ಲ ಮೈಕಿನಲ್ಲಿ ಹೇಳಿದೆ. ವಾದದ ಕೊನೆಗೆ ಬಂದು, “ತುಟಿ ಓದಿಸಿದ್ದು ಮಗ್ಗ, ಕೂಗಿಸಿದ್ದು ನಮ್ಮ ಬೀದಿ, ಸರಿಯಾದ ಗಳಿಗೆಗೆ ಮಿಕ್ಸರಿನ ಡೀಸೆಲ್ ಮುಗೀತು. ಕಾಲೇಜಿಗೆ ಗೇಟು ಇದ್ದುದರಿಂದ ಕಂಪನಿಯ ಕಾರು ಒಳಗೆ ಬಂತು, ಆ ಉಪಕಾರವೂ ದೊಡ್ಡದೇ, ನಮ್ಮ ಬೀದಿಯಲ್ಲಿ ಆ ಕಾರು ತಿರುಗೋದೂ ಇಲ್ಲ. ಆದರೆ ಕೈ ಹಿಡಿದದ್ದಕ್ಕೆ ಪುರಾವೆ ಎಲ್ಲಿ?” ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಅರ್ಥಶಾಸ್ತ್ರದ ಮೇಡಂ ಎದ್ದು ಬಂದು ಮೈಕ್ ಕಿತ್ತುಕೊಂಡರು.

“ಡೀಸೆಲ್ ಮುಗಿದಿದ್ದಲ್ಲ ಕಣಮ್ಮ. ಮುಂದಿನ ಹೆಸರು ನಿಂದು ಅಂತ ಗೊತ್ತಾಗಿ ನಾನೇ ಹೋಗಿ ಮೇಸ್ತ್ರಿ ಜೊತೆ ಜಗಳ ಆಡಿ ನಿಲ್ಲಿಸಿದ್ದು. ಇಕೋ ಪುರಾವೆ!”

ಚಪ್ಪಾಳೆಗೆ ಶಾಮಿಯಾನ ಅದುರಿತು. ಮೂರು ವರ್ಷದಲ್ಲಿ ಅವರು ನನ್ನನ್ನು ಹೀಗೆ ಸೋಲಿಸಿದ್ದಿಲ್ಲ. ನಾನು ಕೈ ಮುಗಿದು, ಖುಷಿಯಿಂದ ಸೋತೆ. ಹೂವಿನ ಹಾರ ಹಾಕಿಸಿಕೊಂಡೆ, ಅದರಲ್ಲಿ ಒಂದೂ ರಫ್ತಿನ ಗುಲಾಬಿ ಇರಲಿಲ್ಲ.

ಊಟದ ಹೊತ್ತಿಗೆ ಗೆಳತಿ ತಟ್ಟೆ ಹಿಡಿದು ಬಂದಳು, ಫ್ಯಾಕ್ಟರಿಯಿಂದ ಅರ್ಧ ದಿನ ರಜ ಕೇಳಿ ಬಂದಿದ್ದಳು. ಮೇಡಂ ಅವಳ ತಟ್ಟೆಗೆ ಕೇಸರಿಬಾತ್ ಹಾಕುತ್ತಾ, “ನೀನೂ ಬಂದ್ಯಾ, ಒಳ್ಳೇದಾಯ್ತು” ಎಂದರು. ಅವಳು ತುಟಿ ಆಡಿಸಿ ಏನೋ ಹೇಳಿದಳು. ಧ್ವನಿವರ್ಧಕದ ಹಾಡಿನಲ್ಲಿ ಮೇಡಂಗೆ ಕೇಳಿಸಲಿಲ್ಲ, “ಹಾಂ?” ಎಂದು ಕಿವಿ ಮುಂದೆ ತಂದರು. ನನಗೆ ಕಂಡಿತು. “ಚೆನ್ನಾಗಿದೀನಿ ಮೇಡಂ” ಎಂದಿದ್ದಳು, ಅಷ್ಟೇ.

ನಾನು ದನಿ ಇಳಿಸಿ, ಮೇಡಂ ಕಲಿಸಿಕೊಟ್ಟ ಹಾಗೆಯೇ, ಕೇಳಿದೆ.

“ಮೇಡಂ, ಮಿಷನ್ ನಿಲ್ಲಿಸೋಕೆ ಆಗ್ತಿತ್ತು ಅಂದ್ರೆ, ನನಗಿಂತ ಮೊದಲಿನ ಹೆಸರು ಇವಳದೇ ಇತ್ತಲ್ಲ, ಆಗ ಯಾಕೆ ನಿಲ್ಲಿಸ್ಲಿಲ್ಲ?”