ಒಂದೇ ವಿಳಾಸದ ಬೀದಿ

ದೇವಿಂದ್ರ, ಪೊಲೀಸರಿಗೆ ನಿನ್ನ ಹೆಸರು ಹೇಳಿದವನು ನಾನು. ನಿಮ್ಮ ಮನೆ ಮಾಲೀಕರಲ್ಲ, ದೂರು ಕೊಟ್ಟ ಆ ಹುಡುಗಿಯ ಮನೆಯವರೂ ಅಲ್ಲ — ಮಹಡಿಯ ಮೇಲಿನ ನಿಮ್ಮ ಶೀಟಿನ ಮನೆಗೆ ತಂತಿ ಎಳೆದು ಇಂಟರ್ನೆಟ್ ಕೊಟ್ಟ ನಾನೇ. ತಪ್ಪು ನಿನ್ನದೆಂದು ನನಗೆ ಗೊತ್ತಿತ್ತೇ? ಇಲ್ಲ. ಗೊತ್ತಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ಆದರೂ ಹೇಳಿದೆ.

ನೀನು ಅನುಭವಿಸಿದ್ದು ನಿನಗೆ ಗೊತ್ತು. ಅದರ ಹಿಂದೆ ನಡೆದದ್ದನ್ನು ಬರೆಯುತ್ತೇನೆ.

ರಾಮಮೂರ್ತಿ ನಗರದಲ್ಲಿ ಕಂಬದಿಂದ ಕಂಬಕ್ಕೆ ಕೇಬಲ್ ಎಳೆಯುತ್ತ ಮೇಲೆ ಬಂದವನು ನಾನು. ಯಾರನ್ನು ಎಷ್ಟಕ್ಕೆ ಒಪ್ಪಿಸಬಹುದೆಂದು ಮುಖ ನೋಡಿಯೇ ಹೇಳಬಲ್ಲೆ. ಇಂಟರ್ನೆಟ್ ಶುರುಮಾಡಿದಾಗಲೂ ಅದೇ ಜಾಣತನ. ಹೊರಗಿನ ಲೋಕದ ಜೊತೆ ಮಾತಾಡಲು ಐಪಿ ವಿಳಾಸ ಎಂದೊಂದು ಬೇಕು. ಹಳೆಯ ಬಗೆಯ ವಿಳಾಸಗಳು ಮುಗಿದುಹೋಗಿ ದುಬಾರಿಯಾಗಿದ್ದವು. ಹಾಗಾಗಿ ನಮ್ಮ ಬೀದಿಗೆಲ್ಲ ಒಂದೇ ವಿಳಾಸ ಹಂಚಿದ್ದೆ — ವಠಾರಕ್ಕೆಲ್ಲ ಒಂದೇ ತಲೆಬಾಗಿಲು ಇದ್ದ ಹಾಗೆ. ಒಳಗಿಂದ ಯಾರು ಹೊರಟರೂ ಹೊರಗಿನವರಿಗೆ ಕಾಣುವುದು ಆ ಬಾಗಿಲು ಮಾತ್ರ. ಯಾವ ಮನೆಯವರು ಯಾವಾಗ ಹೊರಟರೆಂದು ಯಂತ್ರ ದಾಖಲೆ ಇಡುತ್ತದೆ, ಇಡಲೇಬೇಕು. ಡಿಸ್ಕ್ ತುಂಬುತ್ತದೆಂದು ನಾನೇ ಅದನ್ನು ನಿಲ್ಲಿಸಿಬಿಟ್ಟಿದ್ದೆ.

ನನ್ನಲ್ಲಿ ಕೆಲಸಕ್ಕಿರುವ ಇಂಜಿನಿಯರ್ ಶಾಹಿನಾ, ಫ್ರೇಜರ್ ಟೌನಿನವಳು, ಎಷ್ಟೋ ಸಲ ಹೇಳಿದ್ದಳು.

"ಅಣ್ಣಾ, ಹೊಸದು, ವಿ-ಸಿಕ್ಸ್, ಆನ್ ಮಾಡ್ಬಿಡೋಣ. ಮನೆಮನೆಗೂ ಸ್ವಂತ ವಿಳಾಸ. ಎಷ್ಟ್ ಕೊಟ್ರೂ ಮುಗಿಯಲ್ಲ."

"ಓಡ್ತಿರೋ ಗಾಡಿ ಬಾನೆಟ್ ಯಾಕಮ್ಮ ತೆಗೀತೀಯ? ದೊಡ್ಡ ದೊಡ್ಡೋರೇ ಇನ್ನೂ ಪೂರ್ತಿ ಹಾಕಿಲ್ಲ."

"ಅವ್ರು ನಿಮ್ಮನ್ನ ನೋಡ್ತಾ ಕೂತಿದಾರೆ, ನೀವು ಅವ್ರನ್ನ. ಎಲೆ ಮುಂದೆ ಎಲ್ರೂ ಕೂತಿದೀರ, ಮೊದ್ಲು ಕೈ ಹಾಕೋರೇ ಇಲ್ಲ!" ಎಂದು ನಕ್ಕಳು.

ನಿಜವಾದ ಕಾರಣ ಅವಳಿಗೆ ಹೇಳಿರಲಿಲ್ಲ. ದೂರದಿಂದಲೇ ನೋಡಲು ಕ್ಯಾಮೆರಾ ಹಾಕಿಸಿದ ಅಂಗಡಿಯವರಿಗೆ ನಾನು ಸ್ವಂತ ವಿಳಾಸವನ್ನು ತಿಂಗಳಿಗಿಷ್ಟು ಎಂದು ಮಾರುತ್ತಿದ್ದೆ. ಎಲ್ಲರಿಗೂ ಪುಕ್ಕಟೆ ಸಿಕ್ಕರೆ ನನ್ನ ಹತ್ತಿರ ಕೊಳ್ಳುವವರು ಯಾರು?

ಆಮೇಲೆ ಆ ದಿನ ಬಂತು. ಪಕ್ಕದ ಬೀದಿಯ ಕಾಲೇಜು ಹುಡುಗಿಯೊಬ್ಬಳ ಫೋಟೊವನ್ನು ಅಸಹ್ಯವಾಗಿ ತಿದ್ದಿ ಯಾರೋ ಸುಳ್ಳು ಹೆಸರಿನ ಖಾತೆಯಿಂದ ಹಾಕಿದ್ದರು. ಠಾಣೆಯಿಂದ ಒಬ್ಬರು ನನ್ನ ಅಂಗಡಿಗೆ ಬಂದರು.

"ಈ ಐಪಿ ನಿಮ್ದೇ ತಾನೆ? ಯಾರ ಮನೇದ್ರೀ?"

ಆ ವಿಳಾಸದ ಹಿಂದೆ ಇಡೀ ಬೀದಿ ಇದೆ, ಯಾರ ಮನೆಯೆಂದು ಹೇಳಲಾರೆ — ಇಷ್ಟೇ ಹೇಳಬೇಕಿತ್ತು. ಹೇಳಿದರೆ ಮುಂದಿನ ಪ್ರಶ್ನೆ ದಾಖಲೆಯದು. ಅದಿಲ್ಲವೆಂದರೆ ಲೈಸೆನ್ಸಿಗೇ ಕುತ್ತು. ನನ್ನ ಮನಸ್ಸು ಒಂದೊಂದೇ ಮನೆಯ ಬಾಗಿಲಿಗೆ ಹೋಗಿ ಬಂತು. ಕೆಳಗಿನ ಡಾಕ್ಟರು? ಕೋರ್ಟಿಗೆ ಎಳೆಯುತ್ತಾರೆ. ಮಾಲೀಕರು? ನನ್ನ ತಂತಿಗಳೆಲ್ಲ ಅವರ ಮಹಡಿಯ ಮೇಲೇ ಹೋಗಬೇಕು...

"ಒಂದ್ ಹೆಸ್ರು ಹೇಳ್ರೀ ಸಾಕು, ಮಿಕ್ಕಿದ್ದು ನಾವ್ ನೋಡ್ಕೋತೀವಿ."

"ಮೇಲ್ಗಡೆ ಶೀಟ್ ಮನೆ ಸರ್. ಯಾದಗಿರಿ ಕಡೆಯವ್ರು. ದೇವಿಂದ್ರ ಅಂತ."

ಅಷ್ಟೇ. ತರಕಾರಿ ಆರಿಸಿದಷ್ಟು ಹೊತ್ತೂ ಹಿಡಿಯಲಿಲ್ಲ.

ಪೊಲೀಸರು ನಿನ್ನನ್ನು ವಿಚಾರಿಸಿ ಫೋನು ಕೇಳಿದ ಮರುದಿನ ನೀನು ಬಂದೆ — ಬೇರೆ ಯಾರ ಹತ್ತಿರವೂ ಅಲ್ಲ, ನನ್ನ ಹತ್ತಿರವೇ. ಮಾರ್ಬಲ್ ಪಾಲಿಶ್‌ನ ಬಿಳಿ ಧೂಳು ಇನ್ನೂ ಹುಬ್ಬಿನ ಮೇಲಿತ್ತು.

"ಅಣ್ಣಾರ, ನೆಟ್ಟಿಂದು ನಿಮಗ ಗೊತ್ತೈತಿ. ನಾ ಅಲ್ಲ ಅಂತ ಒಂದ್ ಮಾತು ಬಂದು ಹೇಳ್ರಿ. ನಮ್ಮಕ್ಕ ಉಣ್ಣಾದು ಬಿಟ್ಟಾಳ್ರಿ."

ನಾನು ನಿನಗೆ ಬುದ್ಧಿ ಹೇಳಿದೆ! "ಫೋನ್ ಕೊಟ್ಬಿಡು ಮಗಾ, ಎದುರು ಮಾತಾಡ್ಬೇಡ. ತಾನೇ ತಣ್ಣಗಾಗುತ್ತೆ." ನೀನು ಕೈಮುಗಿದು ಹೋದೆ. ಆ ಕೈಮುಗಿದದ್ದು —

ನಿನ್ನ ಫೋನಿನಲ್ಲಿ ಏನೂ ಸಿಗಲಿಲ್ಲ. ಸಿಗಲಿಲ್ಲವೆಂದು ಬೀದಿಗೆ ಬಂದು ಯಾರೂ ಸಾರಲಿಲ್ಲ. ನಿನ್ನ ಅಕ್ಕ ಶರಣಮ್ಮಕ್ಕನ ಜೋಳದ ರೊಟ್ಟಿಯ ಆರ್ಡರುಗಳೆಲ್ಲ ಬರುತ್ತಿದ್ದುದು ಅದೇ ಫೋನಿಗೆ. ಅದು ಠಾಣೆಯಲ್ಲಿದ್ದಷ್ಟು ದಿನ ಒಲೆ ಉರಿಯಲಿಲ್ಲ. "ಹೆಣ್ಮಕ್ಳಿರೋ ಬೀದಿ, ಖಾಲಿ ಮಾಡಿ" ಎಂದರು ಮಾಲೀಕರು. ಲಗೇಜ್ ಆಟೋ ಹತ್ತುವಾಗ ಶರಣಮ್ಮಕ್ಕ ಯಾರ ಮುಖವನ್ನೂ ನೋಡಲಿಲ್ಲ. ನಾನು ಅಂಗಡಿಯ ಒಳಗೆ ಸರಿದು ನಿಂತೆ.

ಈ ವರ್ಷ, ನನಗೆ ಲೈನು ಕೊಡುವ ಮೇಲಿನ ಕಂಪನಿಯವರೇ ಪಟ್ಟು ಹಿಡಿದ ಮೇಲೆ, ಶಾಹಿನಾ ಹೊಸ ವಿಳಾಸಗಳನ್ನು ಹಾಕಿದಳು. ಒಂದು ಮಧ್ಯಾಹ್ನದ ಕೆಲಸ. ಕೆಲವು ಮನೆಗಳ ಹಳೆಯ ವೈಫೈ ಡಬ್ಬಿ ಬದಲಿಸಬೇಕಾಯಿತು, ಅಷ್ಟೆ. ನಾನು ವರ್ಷಗಟ್ಟಲೆ ಮುಂದೂಡಿದ್ದು ಇದನ್ನು. ಆದರೆ ತಪ್ಪನ್ನು ವಿಳಾಸದ ತಲೆಗೆ ಕಟ್ಟಲಾರೆ. ಹಳೆಯದರಲ್ಲೂ 'ಗೊತ್ತಿಲ್ಲ' ಎನ್ನುವ ಬಾಯಿ ನನಗಿತ್ತು. ಒಂದು ಹೆಸರು ಸಿಕ್ಕಿತೆಂದು ಬೇರೆ ಮನೆಗಳನ್ನು ಯಾರೂ ಕೇಳಲಿಲ್ಲ. ಆ ಹುಡುಗಿಗೂ ನ್ಯಾಯ ಸಿಗಲಿಲ್ಲ. ಅವಳು ಈಗಲೂ ನಮ್ಮ ಅಂಗಡಿಯ ಮುಂದೆ ತಲೆ ತಗ್ಗಿಸಿಯೇ ಹೋಗುತ್ತಾಳೆ.

ಇನ್ನೊಂದಿದೆ. ಆ ವಿಳಾಸದ ಹಿಂದಿದ್ದ ಮನೆಗಳಲ್ಲಿ ನನ್ನದೂ ಒಂದು. ನನ್ನ ಮಗನೂ ಆಗ ಆ ಹುಡುಗಿಯ ಕಾಲೇಜಿಗೇ ಹೋಗುತ್ತಿದ್ದ. ಅವನೇ ಎನ್ನುತ್ತಿಲ್ಲ. ಅಲ್ಲ ಎಂದೂ — ಹೇಗೆ ಹೇಳಲಿ? ಅಂದು ನಿನ್ನ ಹೆಸರು ಅಷ್ಟು ಬೇಗ ಬಾಯಿಗೆ ಬಂದದ್ದು ಯಾಕೆಂದು ಆಗಾಗ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಮೊನ್ನೆ ಮಾಲೀಕರಿಗೆ ಎಲ್ಲ ಹೇಳಿದೆ. "ಹಳೇದನ್ನ ಯಾಕ್ ಕೆದಕ್ತೀಯಾ ಗುರು?" ಎಂದರು. ಹೇಳಿಕೆ ಬರೆದಿದ್ದೇನೆ: ನಾನು ದಾಖಲೆ ಇಟ್ಟಿರಲಿಲ್ಲ, ದೇವಿಂದ್ರನ ಹೆಸರನ್ನು ಆಧಾರವಿಲ್ಲದೆ ಹೇಳಿದೆ, ಆ ಮನೆಗಳಲ್ಲಿ ನನ್ನದೂ ಸೇರಿತ್ತು. ಹೆಂಡತಿ ಓದಿ, "ನಮ್ಮ ಮಗನ್ನ ಯಾಕ್ರೀ ಬೀದಿಗೆ ತರ್ತೀರ?" ಎಂದು ಅತ್ತಳು. ಸಹಿ ಹಾಕಿದೆ.

ನಾಳೆ ಬೆಳಿಗ್ಗೆ ಠಾಣೆಗೆ ಹೋಗುತ್ತೇನೆ. ಮಗನನ್ನೂ ಕರೆದುಕೊಂಡು ಹೋಗುತ್ತೇನೆ.