ಆಮೆಯ ಬಾಯಿಗೆ ಅಕ್ಕನ ಅಳತೆ

ಬೆಳಗಿನ ಐದೂವರೆ. ಕ್ರೀಡಾಂಗಣದ ಮೆಟ್ಟಿಲುಸಾಲಿನ ಅಡಿ, ಕಿಟಕಿಯಿಲ್ಲದ ಕೋಣೆಯಲ್ಲಿ ಸೂಜಿ ಅಕ್ಕ ದೊಡ್ಡದೊಂದು ಆಮೆಯ ತಲೆಯೊಳಗೆ ಅರ್ಧ ಮೈ ತೂರಿಸಿ, ನಿನ್ನೆಯ ಬೆವರು ಒರೆಸುತ್ತಿದ್ದಾಳೆ. ಪಕ್ಕದಲ್ಲಿ ವಿನೆಗರ್ ಬೆರೆಸಿದ ನೀರಿನ ಬೋಗುಣಿ. "ನನ್ನ ಬೆವರಾಗಿದ್ರೆ ಇಷ್ಟು ನಾತ ಹೊಡೀತಿರ್ಲಿಲ್ಲ" ಎಂದು ಮೂಗು ಮುರಿಯುತ್ತಾಳೆ. ಬೆವರು ಅವಳ ಒಡಹುಟ್ಟಿದ ತಂಗಿಯದು.

ಇಪ್ಪತ್ತಾರು ದೇಶಗಳ ಓಟಗಾರರು ಸೇರಿರುವ ಈ ಕೂಟದ ಲಾಂಛನಪ್ರಾಣಿ ಆಮೆ. ಓಟಕ್ಕೆ ಆಮೆಯೇ ಎಂದು ನಗುವವರಿಗೆ ಸಮಿತಿಯ ಹೊಳಪು ಕಾಗದದಲ್ಲಿ ಉತ್ತರವಿದೆ: ಬೆನ್ನಿನ ಹದಿಮೂರು ಫಲಕಗಳು ಹದಿಮೂರು ಸ್ಪರ್ಧೆಗಳು, ಅಂಚಿನ ನೀಲಿ ಎಲ್ಲ ದೇಶಗಳನ್ನೂ ಮುಟ್ಟುವ ಕಡಲು, ನಿಧಾನದ ನಡಿಗೆ ಕೊನೆಯಲ್ಲಿ ಬಂದವರಿಗೂ ಸಲ್ಲುವ ಮರ್ಯಾದೆ. ಇಷ್ಟೆಲ್ಲ ಅರ್ಥವನ್ನು ಸ್ಪಂಜು, ಬಟ್ಟೆ, ಅಂಟಿನಲ್ಲಿ ಎಬ್ಬಿಸಿ ನಿಲ್ಲಿಸಿದವಳ ಹೆಸರು ಆ ಕಾಗದದಲ್ಲಿ ಭೂತಗನ್ನಡಿ ಹಿಡಿದರೂ ಸಿಗದು. "ಅರ್ಥ ಬರೆದೋರು ತಣ್ಣಗೆ ಎ.ಸಿ.ಲಿ ಕೂತು ಬರೆದ್ರು. ಹದಿಮೂರು ಫಲಕ ಹೊಲಿದು ನನ್ನ ಬೆರಳು ಜರಡಿ ಆಯ್ತು."

ಹನ್ನೊಂದು ವರ್ಷ ಇಂಥ ವೇಷಗಳೊಳಗೆ ಇದ್ದವಳು ಅವಳೇ. ಹುಲಿಯಾಗಿದ್ದಾಳೆ, ಮೀನಾಗಿದ್ದಾಳೆ, ಒಮ್ಮೆ ಕಾಲು ಮೂಡಿದ ಚೆಂಡೂ ಆಗಿದ್ದಾಳೆ. ಒಂಬತ್ತು ಕಿಲೋ ತೂಕ, ಇಪ್ಪತ್ತು ನಿಮಿಷದ ಸುತ್ತು, ದಿನಕ್ಕೆ ಆರು ಸುತ್ತು. ಒಳಗಿರುವವರು ಮಾತಾಡಕೂಡದು, ಮಕ್ಕಳೆದುರು ತಲೆ ತೆಗೆಯಕೂಡದು, ಒಳಗಿದ್ದದ್ದು ನಾನೇ ಎಂದು ಹೇಳಿಕೊಳ್ಳಲೂ ಕೂಡದು. ಎರಡು ವರ್ಷದ ಹಿಂದೆ ಮಂಡಿ ಕೈಕೊಟ್ಟಿತು. ತಂಗಿ ಒಳಗೆ ಹೋದಳು, ಅಕ್ಕ ಹೊರಗೆ ಸೂಜಿ ಹಿಡಿದು ಕೂತಳು.

"ಚಪ್ಪಾಳೆ ಆಮೆಗೆ, ಅವಳಿಗಲ್ಲ. ಗೊತ್ತು ನನಗೆ. ಆದ್ರೂ ಮಕ್ಕಳು ಓಡಿಬಂದು ತಬ್ಕೊಂಡಾಗ ಒಳಗಿರೋದು ಅವಳು ತಾನೆ? ನೋಡ್ತಾ ನಿಂತ್ರೆ ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ?"

ಆ ಉರಿ ಉದ್ಘಾಟನೆಯ ದಿನ ಬಯಲಾಯಿತು. ಇಂಥ ಪ್ರಾಣಿಗಳ ಕಣ್ಣು ಬರೀ ಬಣ್ಣ. ಒಳಗಿರುವವರು ಹೊರಗೆ ನೋಡುವುದು ಬಾಯಿಗೆ ಹೊಲಿದ ಕಪ್ಪು ಜಾಲರಿಯ ಮೂಲಕ. ಆಮೆಯ ತಲೆ ಹೆಗಲ ಮೇಲೆ ಕೂರುವುದರಿಂದ ಕತ್ತಿನ ಉದ್ದ ನೋಡಿಯೇ ಜಾಲರಿ ಕೂರಿಸಬೇಕು. ತಂಗಿಯ ಕತ್ತು ಅಕ್ಕನದಕ್ಕಿಂತ ಎರಡು ಬೆರಳು ಉದ್ದ. ಅಕ್ಕ ಅವಳನ್ನು ಅಳತೆಗೆ ಕರೆಯಲೇ ಇಲ್ಲ. ತಾನೇ ಹಾಕಿಕೊಂಡು ನೋಡಿ, ತನ್ನ ಕಣ್ಣಿಗೆ ಸರಿಯಾಗಿ ಹೊಲಿದಿದ್ದಳು.

ಬೆಳಗಿನ ತಾಲೀಮಿನಲ್ಲಿ ಮೊದಲ ಸಲ ಆ ತಲೆ ಹೊತ್ತ ತಂಗಿ ಇಳಿಜಾರಿನಲ್ಲಿ ಹೆಜ್ಜೆ ತಪ್ಪಿ ಅಂಗಾತ ಬಿದ್ದಳು. ಅಂಗಾತ ಬಿದ್ದ ಆಮೆ ತಾನಾಗಿ ಏಳುವುದುಂಟೇ! ನಾಲ್ವರು ಸೇರಿ ಎತ್ತಿದರು. ಮೇಲ್ವಿಚಾರಕ ಸಿಡಿದ: "ಇವಳ ಕೈಲಾಗಲ್ಲ, ಮನೆಗೆ ಹೋಗ್ಲಿ. ಅಕ್ಕಾ, ಮಂಡಿಗೊಂದು ಪಟ್ಟಿ ಸುತ್ಕೊಂಡು ನೀವೇ ಒಳಗೆ ಹೋಗಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅಕ್ಕ ಹೂಂ ಎಂದೇಬಿಟ್ಟಳು. ತಲೆ ಎತ್ತಿ ಹಾಕಿಕೊಂಡಳು. ಜಾಲರಿ ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಅದರಾಚೆ ತಂಗಿ, ತರಚಿದ ಮೊಣಕೈ ಹಿಡಿದುಕೊಂಡು ಹೇಳುತ್ತಿದ್ದಳು: "ಏನೂ ಕಾಣ್ಲಿಲ್ಲ ಕಣಕ್ಕ. ನೀನು ಹನ್ನೊಂದು ವರ್ಷ ಹೆಂಗೆ ಮಾಡಿದ್ಯೋ! ನಂಗೇ ಬರಲ್ಲ ಅನ್ಸುತ್ತೆ."

"ಬೈದಿದ್ರೆ ಒಳಗೇ ಇರ್ತಿದ್ದೆ," ಎನ್ನುತ್ತಾಳೆ ಸೂಜಿ ಅಕ್ಕ. "ಹೊಗಳಿಬಿಟ್ಲು ಮುಂಡೇದು."

ತಲೆ ತೆಗೆದಿಟ್ಟು ಎಲ್ಲರೆದುರು ಹೇಳಿದಳು: "ತಪ್ಪು ಇವಳದಲ್ಲ ಸಾರ್. ಬಾಯಿ ನನ್ನ ಅಳತೆಗೆ ಹೊಲಿದಿದೀನಿ. ಬೇಕಂತಲೇ. ಕಳಿಸೋದಾದ್ರೆ ನನ್ನ ಕಳಿಸಿ. ಅದಕ್ಕೆ ಮುಂಚೆ ಒಂದು ಗಂಟೆ ಕೊಡಿ." ಐವತ್ತು ನಿಮಿಷದಲ್ಲಿ ಬಾಯಿ ಬಿಚ್ಚಿ, ಎರಡು ಬೆರಳು ಮೇಲೆ ಹೊಲಿದಳು. ಸಂಜೆ ಆಮೆ ಮಕ್ಕಳ ಜೊತೆ ಓಡಿ, ಕೊನೆಯದಾಗಿ ಗೆರೆ ಮುಟ್ಟಿ ಕುಣಿಯಿತು. ಕ್ರೀಡಾಂಗಣವೇ ಎದ್ದು ನಿಂತಿತು. ಅಷ್ಟು ಬೇಗ ಹೊಲಿಯುವ ಇನ್ನೊಬ್ಬರು ಸಿಗದೆ ಮೇಲ್ವಿಚಾರಕ ಅವಳನ್ನು ಉಳಿಸಿಕೊಂಡ. ತಂಗಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ "ಹೆಗಲ ಹತ್ರ ಚುಚ್ಚುತ್ತೆ, ನೋಡು" ಎಂದು ಬೆನ್ನು ಕೊಟ್ಟು ಕೂತಳು.

ಇವತ್ತು ಕೂಟದ ಕೊನೆಯ ದಿನ. ತಂಗಿ ಬರುತ್ತಾಳೆ, ಅಕ್ಕನ ಲೋಟದಲ್ಲೇ ನೀರು ಕುಡಿಯುತ್ತಾಳೆ, ಒಳಗೆ ನುಗ್ಗುತ್ತಾಳೆ. ಅಕ್ಕ ಬೆನ್ನಿನ ಜಿಪ್ ಎಳೆದು, ಚಿಪ್ಪಿನ ಮೇಲೊಂದು ಏಟು ಕೊಡುತ್ತಾಳೆ. ಈಗಲೂ ಹೊಟ್ಟೆ ಉರಿಯುತ್ತದೆಯೇ?

"ಉರೀದೆ ಇರುತ್ತಾ? ನನ್ನದೊಂದೇ ಆಸೆ. ಮುಂದಿನ ಕೂಟಕ್ಕೆ ಕುದುರೆ ಮಾಡ್ಲಿ. ಅದರೊಳಗೆ ಇಬ್ಬರು ಬೇಕಾಗುತ್ತೆ." ಬಾಗಿಲಾಚೆ ಕುಣಿಯುತ್ತ ಹೋಗುತ್ತಿರುವ ಆಮೆಯನ್ನೇ ನೋಡುತ್ತ ಸೇರಿಸುತ್ತಾಳೆ: "ಮುಂಗಾಲು ನನ್ನದು. ಅವಳು ಹಿಂದೆ ಬಗ್ಗಿಕೊಂಡು ಬರ್ಲಿ."