ನಿಂತು ನಿಂತು ಆಕಾಶಕ್ಕೆ

ಹೊಸ ಬಿಲ್ಡಿಂಗಿನ ಲಿಫ್ಟಿನಲ್ಲಿ ಹತ್ತನೇ ಮಹಡಿ ದಾಟುವಾಗ ನನ್ನ ಕಿವಿ ಗಪ್ಪನೆ ಕಟ್ಟಿಕೊಳ್ಳುತ್ತದೆ. ನಿಮಗೂ ಆಗುತ್ತಿರಬೇಕು. ನನಗೆ ಕಿವಿಯಷ್ಟೇ, ಅಜ್ಜಿಗೆ ತಲೆಯೇ ತಿರುಗುತ್ತದೆ. ಹತ್ತೊಂಬತ್ತನೇ ಮಹಡಿಗೆ ಬಂದ ದಿನವೇ ಸಾರಿಬಿಟ್ಟಳು: "ಇದು ಲಿಫ್ಟಲ್ಲ ಮಾರಾಯ್ತಿ, ರಾಕೆಟ್. ಇನ್ನು ನಾನು ಕೆಳಗೆ ಇಳಿಯುದಿಲ್ಲ." ಮೂರು ವಾರವಾಯಿತು, ಇಳಿದಿಲ್ಲ. ಹಳೆಯ ಮನೆಯಲ್ಲಿದ್ದಾಗ ಸಂಜೆ ಗೇಟಿನ ಬೆಂಚಿನಲ್ಲಿ ಕೂತು ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದವಳು ಈಗ ಕಿಟಕಿಯಿಂದ ಇರುವೆಯಷ್ಟಾದ ಜನರನ್ನು ನೋಡುತ್ತಾಳೆ.

ರಾಕೆಟ್ ಎಂದ ಕೂಡಲೇ ನನಗೆ ಬಸಪ್ಪಣ್ಣ ನೆನಪಾದರು. ಗ್ರಾಂಟ್ ರೋಡಿನಲ್ಲಿ ಇದೇ ಜಾಗದಲ್ಲಿದ್ದ ನಮ್ಮ ಹಳೆಯ ಬಿಲ್ಡಿಂಗಿನ ಲಿಫ್ಟ್‌ಮ್ಯಾನ್, ಬಾಗಲಕೋಟೆ ಕಡೆಯವರು. ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ, ಒಂದು ಸ್ಟೂಲು, ಐದೇ ಮಹಡಿ. ಅಜ್ಜಿ ಹತ್ತಿದರೆ ಸ್ಟೂಲು ಅವಳಿಗೆ. ಯಾರೂ ಕಾಯದಿದ್ದರೂ ಬಸಪ್ಪಣ್ಣ ಅವಳಿಗಾಗಿ ಪ್ರತಿ ಮಹಡಿಯಲ್ಲೂ ಲಿಫ್ಟ್ ನಿಲ್ಲಿಸುತ್ತಿದ್ದರು. ಅಜ್ಜಿ ಮೂಗರಳಿಸಿ, "ಇವತ್ತು ಗುಜರಾತಿಯವರಲ್ಲಿ ಮಜ್ಜಿಗೆ ಕಢಿ," ಎನ್ನುವಳು; ಅಷ್ಟರಲ್ಲಿ ಅವಳ ತಲೆ ಸ್ಥಿಮಿತಕ್ಕೆ ಬರುತ್ತಿತ್ತು. ಕಾಲೇಜಿಗೆ ತಡವಾಗಿ ನಾನು ಒಳಗೊಳಗೇ ಕುದಿಯುತ್ತಿದ್ದೆ.

ಆಗ ನಾನು ಡಿಬೇಟ್ ತಂಡದಲ್ಲಿದ್ದೆ. ಎದುರಿಗಿರುವವರ ಮಾತಿನ ಬುಡಕ್ಕೆ ಕೊಡಲಿ ಹಾಕದೆ ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ನನ್ನ ಫೋನಿನಲ್ಲಿ ರಾಕೆಟ್ ಹಾರುವುದನ್ನು ನೋಡಿ ಬಸಪ್ಪಣ್ಣ, "ಇಷ್ಟು ಬೆಂಕಿ ಯಾಕ ಬೇಕವಾ? ಆಕಾಶಕ್ಕ ಒಂದು ಲಿಫ್ಟ್ ಹಾಕಿದ್ರ ನಿಮ್ಮ ಅಜ್ಜಿಯಾರೂ ಕುಂತು ಹೋಗಿಬರ್ತಿದ್ರು," ಎಂದರು.

"ಮೇಲೆ ಹಗ್ಗ ಎಲ್ಲಿ ಕಟ್ತೀರಿ? ಆಕಾಶಕ್ಕೆ ಕೊಕ್ಕೆ ಇದೆಯಾ?"

"ಕವಣಿ ನೋಡಿಯೇನು? ಜೋಳದ ಹೊಲದಾಗ ಹಕ್ಕಿ ಓಡಿಸಾಕ ಕಲ್ಲಿಟ್ಟು ಬೀಸ್ತೀವಿ. ಬೀಸೂವಾಗ ಹಗ್ಗ ಬಿಗಿದಿರತೈತಿ. ಆ ಕಡೆ ತುದಿ ಯಾರು ಹಿಡ್ಕೊಂಡಿರ್ತಾರ, ಹೇಳು? ಭೂಮಿನೂ ತಿರಗತೈತಲ್ಲ."

ಸೋಲೊಪ್ಪುವುದನ್ನು ಡಿಬೇಟಿನಲ್ಲಿ ನಮಗೆ ಯಾರೂ ಕಲಿಸಿರಲಿಲ್ಲ. "ಅಷ್ಟುದ್ದದ ಹಗ್ಗ ತನ್ನ ಭಾರಕ್ಕೇ ಹರಿಯುತ್ತೆ," ಎಂದೆ.

"ಹರೀತೈತಿ. ಓದೀದಾಕಿ ನೀನು, ಗಟ್ಟಿ ಹಗ್ಗ ಹುಡುಕು. ನಡುನಡುವ ನಿಲ್ಲಸೋದು ನಾ ನೋಡ್ಕೋತೀನಿ."

ಅಜ್ಜಿ ಸ್ಟೂಲಿನಿಂದಲೇ ತೀರ್ಪು ಕೊಟ್ಟಳು: "ಬಸಪ್ಪ ಗೆದ್ದ."

ಆಮೇಲೆ ಗುಟ್ಟಾಗಿ ಓದಿ ನೋಡಿದೆ. ವಿಜ್ಞಾನಿಗಳ ಲೆಕ್ಕವೂ ಆ ಕವಣೆಯದೇ: ತುದಿಯ ಭಾರ ಭೂಮಿಯೊಡನೆ ಸುತ್ತುತ್ತ ಹಗ್ಗವನ್ನು ಬಿಗಿಯಾಗಿ ಇಡುತ್ತದಂತೆ. ತಕ್ಕ ಹಗ್ಗ ಮಾತ್ರ ಇನ್ನೂ ಸಿಕ್ಕಿಲ್ಲ. ಇದನ್ನು ಬಸಪ್ಪಣ್ಣನಿಗೆ ನಾನು ಹೇಳಲೇ ಇಲ್ಲ. ಬಿಲ್ಡಿಂಗ್ ಕೆಡವಿದರು, ಅವರು ಊರಿಗೆ ಹೋದರು.

ಇವತ್ತು ಸಂಜೆ ಪ್ಲಾಸ್ಟಿಕ್ ಸ್ಟೂಲು ಹಿಡಿದು ಅಜ್ಜಿಯ ಮುಂದೆ ನಿಂತೆ. "ಬಾ. ಬಸಪ್ಪಣ್ಣನ ಲಿಫ್ಟಿನಲ್ಲಿ ಹೋಗುವ." ಅವಳನ್ನು ಒಳಗೆ ಕೂರಿಸಿ ಹದಿನೆಂಟರಿಂದ ಕೆಳಗಿನವರೆಗೆ ಎಲ್ಲ ಗುಂಡಿಗಳನ್ನೂ ಒತ್ತಿದೆ. ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಹದಿಮೂರರಲ್ಲಿ ಹತ್ತಿದ ಟೈ ಕಟ್ಟಿದಾತ ಉರಿಯುತ್ತಿದ್ದ ಗುಂಡಿಗಳನ್ನು ಕಂಡು, "ಅರೆ, ಯೇ ಕಿಸನೇ ಕಿಯಾ?" ಎಂದ, ಯಾರ ಕೆಲಸ ಇದು ಎನ್ನುವಂತೆ. ನಾನು ವಾದಕ್ಕೆ ಸಜ್ಜಾದೆ. ಅಷ್ಟರಲ್ಲಿ ಅಜ್ಜಿ ಮೂಗರಳಿಸಿ, ಅವನ ಮನೆಯ ಬಂಗುಡೆ ಮೀನಿನ ವಾಸನೆ ಹಿಡಿದು, "ತುಮಾರಾ ಘರ್ ಮೇ ಆಜ್ ಬಾಂಗ್ಡಾ ಹೈ ನಾ?" ಎಂದಳು. ಒಂಬತ್ತಕ್ಕೆ ಬರುವಾಗ ಆತ ತನ್ನ ತಾಯಿ ಮೀನಿಗೆ ಮಸಾಲೆ ಅರೆಯುವ ಬಗೆ ಹೇಳುತ್ತಿದ್ದ.

ಆತ ಎರಡರಲ್ಲಿ ಇಳಿದ ಮೇಲೆ ಅಜ್ಜಿ ಕೇಳಿದಳು: "ಬಸಪ್ಪನ ನಂಬರ್ ಉಂಟಾ?"

"ಉಂಟು. ಏನು ಹೇಳಲಿ?"

"ಅವನೇ ಗೆದ್ದದ್ದು ಅಂತ ಹೇಳು. ಹಗ್ಗ ಹುಡುಕ್ತಾ ಇದ್ದೇವೆ ಅಂತಲೂ ಹೇಳು."

ಬಾಗಿಲು ತೆರೆಯಿತು. ಅಜ್ಜಿ ಹೊಸ ಗೇಟಿನ ಬೆಂಚಿನತ್ತ ನಡೆದಳು. ನಾನು ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಬಸಪ್ಪಣ್ಣನ ನಂಬರ್ ಒತ್ತಿದೆ.